ಹುಟ್ಟು ಹಿಡಿದವರ ಫಜೀತಿ

ಬೆಟ್ಟಗಳ ನಡುವಿನ ಸರೋವರದಲ್ಲಿ ಪ್ಯಾಡಲ್‌ಬೋರ್ಡಿನ ಮೇಲೆ ನಿಂತು ತೇಲುವವರ ಫೋಟೋ ಎಲ್ಲರೂ ನೋಡಿರುತ್ತಾರೆ. ಅದಕ್ಕೂ ಮುಂಚಿನ ಅರ್ಧ ಗಂಟೆಯ ಫೋಟೋ ಮಾತ್ರ ಯಾರೂ ಹಾಕುವುದಿಲ್ಲ. ಆ ಅರ್ಧ ಗಂಟೆ ಪಂಪಿನದು.

ಗಾಳಿ ತುಂಬುವ ಬೋರ್ಡಿಗೆ ಸಾಮಾನ್ಯವಾಗಿ 12ರಿಂದ 15 ಪಿಎಸ್‌ಐ ಒತ್ತಡ ಬೇಕು. ಮೊದಮೊದಲು ಪಂಪಿನ ಹಿಡಿ ಎತ್ತಿದರೂ ಒತ್ತಿದರೂ ಗಾಳಿ ಹೋಗುತ್ತದೆ, ಕೆಲಸ ಸಲೀಸು. ಆದರೆ ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಕದಲುವುದಿಲ್ಲ. ಮೀಟರು ಕೆಟ್ಟಿದೆ ಎಂದು ಪಂಪಿಗೆ ಬೈಗುಳ ಶುರುವಾಗುವುದು ಇಲ್ಲೇ. ಕೆಟ್ಟಿರುವುದಿಲ್ಲ, ಬೋರ್ಡು ಪೂರ್ತಿ ಉಬ್ಬಿ ಒಳಗಿನ ಗಾಳಿ ಬಿಗಿಯಾಗುವ ತನಕ ಪಾಪ ಅದಾದರೂ ಏನು ತೋರಿಸಬೇಕು? ಮುಳ್ಳು ಏಳುವ ಹೊತ್ತಿಗೆ ತೋಳು ಬಿದ್ದಿರುತ್ತದೆ. ಆಗ ಒತ್ತಿದಾಗ ಮಾತ್ರ ಗಾಳಿ ಹೋಗುವಂತೆ ಪಂಪನ್ನು ಬದಲಿಸಿಕೊಂಡು, ತೋಳಿಗೆ ರಜೆ ಕೊಟ್ಟು ಮೈಭಾರ ಹಾಕಬೇಕು. ಇಷ್ಟೆಲ್ಲ ಆಗಿ ಕೊಳವೆ ತೆಗೆದರೆ, ಬುಸ್ಸ್! ವಾಲ್ವಿನ ನಡುವಿನ ಪಿನ್ನು ಕೆಳಗೇ ಕೂತಿತ್ತು. ಶುರು ಮಾಡುವ ಮೊದಲೇ ಅದನ್ನು ಒತ್ತಿ ತಿರುಗಿಸಿ ಮೇಲೆದ್ದು ನಿಲ್ಲುವಂತೆ ಮಾಡದಿದ್ದರೆ ಪಂಪು ಹೊಡೆದದ್ದೆಲ್ಲ ಗಾಳಿಗೇ.

ಇನ್ನೊಂದು ಮೋಸ ತಣ್ಣೀರಿನದು. 30 ಡಿಗ್ರಿ ಬಿಸಿಲಲ್ಲಿ 12 ಪಿಎಸ್‌ಐ ತುಂಬಿ ‘ಇಷ್ಟು ಸಾಕು’ ಎಂದು ಕೈ ಒರೆಸಿಕೊಂಡರೆ, ಹಿಮ ಕರಗಿ ಬಂದ 10 ಡಿಗ್ರಿ ನೀರಿನಲ್ಲಿ ಒಳಗಿನ ಗಾಳಿ ತಣ್ಣಗಾಗುತ್ತಾ ಒತ್ತಡ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಬೋರ್ಡು ನಡುವೆ ಬಾಗಿ ಬಾಳೆಹಣ್ಣಾಗುತ್ತದೆ. ನೀರಿಗಿಳಿಸಿ ಸ್ವಲ್ಪ ಹೊತ್ತಾದ ಮೇಲೆ ಇನ್ನಷ್ಟು ತುಂಬುವುದೇ ದಾರಿ. ಹಾಗೆಂದು ಬಿಗಿಯಾಗಿ ತುಂಬಿದ್ದನ್ನು ದಡದ ಬಿಸಿಲಲ್ಲಿ ಬಿಟ್ಟು ಊಟಕ್ಕೆ ಹೋದರೆ ಉಲ್ಟಾ ಕಥೆ: ಒತ್ತಡ ಏರಿ ಅಂಟಿಸಿದ ಅಂಚು ಬಿಟ್ಟುಕೊಳ್ಳಬಹುದು.

ಹುಟ್ಟಿನ ಉದ್ದ ನಿಮ್ಮ ಎತ್ತರಕ್ಕಿಂತ ಒಂದು ಗೇಣು ಹೆಚ್ಚಿರಲಿ. ಅದರ ಅಲಗು ಸ್ವಲ್ಪ ಬಾಗಿರುತ್ತದೆ. ಆ ಬಾಗು ಬೋರ್ಡಿನ ಮೂತಿಯ ಕಡೆಗಿರಬೇಕು. ನೀರನ್ನು ಮೊಗೆದುಕೊಳ್ಳುವಂತೆ ಹಿಂದಕ್ಕೆ ತಿರುಗಿಸಿ ಹಿಡಿಯುವುದೇ ಸರಿ ಎಂದು ಕೈ ವಾದ ಮಾಡುತ್ತದೆ. ಕೈಯ ಮಾತು ಕೇಳಬೇಡಿ.

ಏಳುವಾಗ ಮೊದಲು ಮಂಡಿ, ಆಮೇಲೆ ಒಂದೊಂದೇ ಪಾದ, ನಡುವಿನ ಹಿಡಿಕೆಯ ಆಚೆ ಈಚೆ. ಕಣ್ಣು ಆಚೆ ದಡದ ಮೇಲಿರಲಿ. ಪಾದ ನೋಡಿಕೊಂಡು ನಿಂತವರು ಸ್ವಲ್ಪದರಲ್ಲೇ ಅದೇ ಪಾದಗಳನ್ನು ಆಕಾಶದ ಹಿನ್ನೆಲೆಯಲ್ಲಿ ನೋಡುತ್ತಾರೆ. ಗಾಬರಿಯಲ್ಲಿ ಹುಟ್ಟು ಮೇಲೆತ್ತುವುದೂ ಅಷ್ಟೇ ಖಚಿತವಾದ ಮುಳುಗುವ ವಿಧಾನ. ನೀರಲ್ಲಿದ್ದರೆ ಅದೇ ಮೂರನೇ ಕಾಲು. ಬಿದ್ದರೆ ತಣ್ಣೀರು ಉಸಿರನ್ನೇ ಕಸಿಯುತ್ತದೆ. ಮೊದಲ ಒಂದೆರಡು ನಿಮಿಷ ಈಜುವ ಶೌರ್ಯ ಬೇಡ, ಲೈಫ್ ಜಾಕೆಟ್ ನಂಬಿ ತೇಲುತ್ತಾ ಉಸಿರು ಹದಕ್ಕೆ ತಂದುಕೊಳ್ಳಿ.

ಇನ್ನು ಗಾಳಿ. ಕಣಿವೆಯ ಗಾಳಿಗೆ ಟೈಮ್‌ಟೇಬಲ್ ಇದೆ. ಬಿಸಿಲೇರಿ ಇಳಿಜಾರುಗಳು ಕಾದಂತೆ ಅದು ಕಣಿವೆಯ ಮೇಲ್ಭಾಗದತ್ತ ಬೀಸತೊಡಗಿ, ಮಧ್ಯಾಹ್ನ ಜೋರಾಗಿ, ರಾತ್ರಿ ದಿಕ್ಕು ಬದಲಿಸಿ ಕೆಳಕ್ಕೆ ಇಳಿಯುತ್ತದೆ. ಇದು ಗೊತ್ತಿಲ್ಲದವರಿಗೆ ಹನ್ನೊಂದು ಗಂಟೆಯ ಹೊತ್ತಿಗೆ ತಾನು ದಿಢೀರನೆ ಪರಿಣತನಾದೆ ಎಂಬ ಭ್ರಮೆ ಬರುತ್ತದೆ: ನಾಲ್ಕು ಸಲ ಹುಟ್ಟು ಹಾಕಿದರೆ ಬೋರ್ಡು ಓಡುತ್ತಿರುತ್ತದೆ. ವಾಪಸ್ಸು ತಿರುಗಿದಾಗ ಪರಿಣತಿ ಇಳಿಯುತ್ತದೆ. ನಿಂತ ಮೈಯೇ ಹಾಯಿಯಾಗಿ, ಹುಟ್ಟು ಹಾಕಿದಷ್ಟೂ ಅದೇ ಬಂಡೆ ಪಕ್ಕದಲ್ಲಿರುತ್ತದೆ. ಮಂಡಿಯೂರಿ, ಅದಕ್ಕೂ ಬಗ್ಗದಿದ್ದರೆ ಹುಟ್ಟನ್ನು ಎದೆಯಡಿ ಇಟ್ಟು ಬೋರಲು ಮಲಗಿ ಕೈಯಲ್ಲೇ ನೀರು ತಳ್ಳಿ. ನೋಡಲು ಚೆನ್ನಾಗಿರುವುದಿಲ್ಲ, ದಡ ಸಿಗುತ್ತದೆ. ಬೆಳಿಗ್ಗೆಯೇ ಕಣಿವೆಯ ಕೆಳಭಾಗದತ್ತ ಹೊರಟುಬಿಟ್ಟರೆ ಈ ಪಾಡಿಲ್ಲ. ಬರುವಾಗ ಗಾಳಿಯೇ ಬೆನ್ನು ತಳ್ಳುತ್ತದೆ.

ನದಿಯಲ್ಲಿ ಬೋರ್ಡಿನ ಅಡಿಯ ಉದ್ದನೆಯ ಫಿನ್ನು, ಅಂದರೆ ಮೀನಿನಂಥ ರೆಕ್ಕೆ, ಜಲ್ಲಿಗೆ ಸಿಕ್ಕರೆ ಬೋರ್ಡು ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಗಿಡ್ಡ, ಬಾಗುವ ಫಿನ್ನು ಹಾಕಿ. ನಿಮ್ಮನ್ನೂ ಬೋರ್ಡನ್ನೂ ಜೋಡಿಸುವ ಹಗ್ಗ, ಅಂದರೆ ಲೀಶಿನ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಸರೋವರದಲ್ಲಿ ಅದನ್ನು ಕಾಲಿಗೆ ಕಟ್ಟುವುದು ಸರಿ, ಇಲ್ಲದಿದ್ದರೆ ಬೋರ್ಡನ್ನು ಗಾಳಿ ಒಯ್ಯುತ್ತದೆ. ಹರಿಯುವ ನೀರಿನಲ್ಲಿ ಕಾಲಿಗೆ ಕಟ್ಟಲೇಬಾರದು. ಬಿದ್ದ ಮರದ ಒಂದು ಬದಿಗೆ ಬೋರ್ಡು, ಇನ್ನೊಂದು ಬದಿಗೆ ನೀವು ಹೋದರೆ, ಸೆಳೆತಕ್ಕೆ ಎದುರಾಗಿ ಬಗ್ಗಿ ಕಾಲಿನ ಗಂಟು ಬಿಚ್ಚಲು ಆಗುವುದಿಲ್ಲ. ಎಳೆದ ಕೂಡಲೇ ಕಳಚುವ ಸೊಂಟಪಟ್ಟಿಗೆ ಕಟ್ಟಬೇಕು. ಬಿದ್ದಾಗ ನೆಲ ಸಿಕ್ಕಿತೆಂದು ಎದ್ದು ನಿಲ್ಲಲೂ ಹೋಗಬಾರದು; ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ನೀರು ಮುಖ ಕೆಳಗಾಗುವಂತೆ ಒತ್ತಿ ಹಿಡಿಯುತ್ತದೆ. ಅಂಗಾತ ತೇಲುತ್ತಾ, ಪಾದಗಳನ್ನು ಹರಿವಿನ ಮುಂದಕ್ಕೆ ಮೇಲೆ ಚಾಚಿಕೊಂಡು, ಸೆಳೆತ ತಗ್ಗಿದ ಕಡೆ ದಡಕ್ಕೆ ಈಜಿ.

ಕೊನೆಗೆ ಮಡಿಸುವ ಪರ್ವ. ವಾಲ್ವು ಇರುವ ತುದಿಯಿಂದಲೇ ಸುರುಳಿ ಸುತ್ತಿದರೆ ಉಳಿದ ಗಾಳಿಗೆ ಹೊರಬರಲು ದಾರಿಯಿರುವುದಿಲ್ಲ; ಬೆಳಿಗ್ಗೆ ಬೋರ್ಡು ಬಂದಿದ್ದ ಚೀಲ ಸಂಜೆಗೆ ಕುಗ್ಗಿಹೋದಂತೆ ಕಾಣುತ್ತದೆ. ಎದುರು ತುದಿಯಿಂದ ಸುತ್ತುತ್ತಾ ಬನ್ನಿ. ವಾಲ್ವಿನ ಮುಚ್ಚಳ ಹಾಕುವ ಮುನ್ನ ಒಳಗೆ ಇಣುಕಿ ನೋಡಿ: ಒಂದು ಕಾಳು ಮರಳು ಕೂತಿದ್ದರೂ ಸಾಕು, ಮುಂದಿನ ಸಲ ಬೋರ್ಡು ಸದ್ದಿಲ್ಲದೆ ಸೋರುತ್ತಿರುತ್ತದೆ.