ನಮ್ಮ ಮನೆಯ ಪಕ್ಷಿತಜ್ಞ

ದರೋಜಿಯ ಕರಡಿಧಾಮಕ್ಕೆ ಒಂದೇ ಒಂದು ಸಲ ಹೋಗಿ, ಕರಡಿಯನ್ನೂ ಕಾಣದೆ ವಾಪಸ್ ಬಳ್ಳಾರಿ ಬಸ್ ಹತ್ತಿದವನು ನಾನು. ಆದರೆ ಅಲ್ಲಿ ಕೊರಳಿಗೆ ಬೈನಾಕ್ಯುಲರ್ ತೂಗುಹಾಕಿಕೊಂಡು ತೆಗೆಸಿಕೊಂಡ ಫೋಟೋ ಬಂಧುಬಳಗದಲ್ಲೆಲ್ಲ ಓಡಾಡಿ, ನನ್ನನ್ನು ಪಕ್ಷಿತಜ್ಞನನ್ನಾಗಿ ಮಾಡಿಬಿಟ್ಟಿತು.

ಮೊನ್ನೆ ಮೆಲ್ಬರ್ನಿನಿಂದ ಮೊಮ್ಮಗ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದ. "ತಾತಾ, ಇದು ಯಾವ ಹಕ್ಕಿ? ಸ್ಕೂಲ್ ಪ್ರಾಜೆಕ್ಟ್."

ಕಂದು ಮೈ, ಕರಿ ತಲೆ, ಹಳದಿ ಕೊಕ್ಕು, ಹಳದಿ ಕಾಲು, ಕಣ್ಣಿನ ಹಿಂದೆ ಅರಿಶಿನ ಬಳಿದಂಥ ಚರ್ಮ. ಕಸದ ಡಬ್ಬಿಯ ಮೇಲೆ ಮಾಲೀಕನ ಗತ್ತಿನಲ್ಲಿ ನಿಂತಿದೆ. ಆಸ್ಟ್ರೇಲಿಯಾದ ಹಕ್ಕಿಗಳನ್ನೆಲ್ಲ ರಾತ್ರಿ ಹನ್ನೊಂದರ ತನಕ ಜಾಲಾಡಿದೆ. ಕೂಕಬುರ್ರಾ ಅಲ್ಲ, ಲೋರಿಕೀಟ್ ಅಲ್ಲ.

ಬೆಳಿಗ್ಗೆ ಒಗ್ಗರಣೆ-ಮಿರ್ಚಿ ತಟ್ಟೆ ಇಡಲು ಬಂದ ಹೆಂಡತಿ ಮೊಬೈಲಿಗೆ ಇಣುಕಿದಳು. ಕನ್ನಡಕ ಕೂಡ ಹಾಕಿರಲಿಲ್ಲ.

"ಗೊರವಂಕ ಐತಲ್ರೀ."

"ಏ, ಇದು ಮೆಲ್ಬರ್ನಿಂದು!"

"ಆದ್ರೇನಾತು? ನಮ್ಮ ಮಗಳೂ ಅಲ್ಲೇ ಅದಾಳಲ್ಲ."

ನೋಡಿದರೆ ಅವಳ ಮಾತೇ ಖರೆ, ಅದು ಮೈನಾ, ನಮ್ಮ ಗೊರವಂಕವೇ. ತೋಟದ ಹುಳುಹುಪ್ಪಟೆ ತಿನ್ನಲಿ ಅಂತ 1862ರಲ್ಲಿ ಮೆಲ್ಬರ್ನಿನವರೇ ಇದನ್ನು ತರಿಸಿಕೊಂಡಿದ್ದರಂತೆ. ಇದು ಕರೆಸಿದ ಕೆಲಸಕ್ಕಷ್ಟೇ ನಿಲ್ಲದೆ ಪೇಟೆ ಸೇರಿ, ಅಲ್ಲಿನ ಹಕ್ಕಿಗಳ ಪೊಟರೆಗಳನ್ನೇ ಕಸಿಯತೊಡಗಿತು. ಈಗ ಪರನಾಡಿಗೆ ಹೋಗಿ ಮಹಾ ಉಪದ್ರವ ಕೊಡುವ ಜಗತ್ತಿನ 100 ಜೀವಿಗಳ ಪಟ್ಟಿಯಲ್ಲಿ ನಮ್ಮ ಗೊರವಂಕದ ಹೆಸರೂ ಇದೆ. ಓದಿ ಯಾಕೋ ಒಂಚೂರು ಹೆಮ್ಮೆಯೂ ಆಯಿತು, ಸುಳ್ಳೇಕೆ.

ಅದೇ ಹುರುಪಿನಲ್ಲಿದ್ದಾಗ ಎರಡನೇ ಚಿತ್ರ ಬಂತು. ಹಳದಿ ಕೊಕ್ಕು, ಕಣ್ಣಿನ ಹಿಂದೆ ಅದೇ ಹಳದಿ, ಮೈ ಮಾತ್ರ ಬೂದಿ ಬಣ್ಣ. "ಇದೂ ಗೊರವಂಕನೇ. ನಮ್ಮೂರ ಬಿಸಿಲು ಸಿಗದೆ ಬಿಳಿಚಿಕೊಂಡೈತಿ" ಎಂದು ತೀರ್ಪು ಕೊಟ್ಟೆ. ಹುಡುಗ ಅದನ್ನು ಹಾಗೇ ಬರೆದುಕೊಂಡು ಹೋದ!

ಸಂಜೆ ಫೋನು. "ತಾತಾ, ಅದು ಮೈನಾ ಅಲ್ಲ, ನಾಯ್ಸಿ ಮೈನರ್. ಇಲ್ಲೀದೇ ಹಕ್ಕಿ, ಜೇನು ಹೀರೋ ಜಾತಿ. ಹಾರುವಾಗ ರೆಕ್ಕೇಲಿ ದೊಡ್ಡ ಬಿಳಿ ಮಚ್ಚೆ ಕಂಡರೆ ಮಾತ್ರ ಮೈನಾ. ಟೀಚರ್ ನಕ್ಕರು."

ಮರುದಿನ ತಿಂಡಿ ತಟ್ಟೆಯನ್ನು ಕಟ್ಟೆ ಮೇಲಿಟ್ಟು, ಬೈನಾಕ್ಯುಲರ್ ಹಿಡಿದು ಬೇವಿನ ಮರದತ್ತ ಗುರಿಯಿಟ್ಟೆ. ಹತ್ತು ನಿಮಿಷವಾದರೂ ಒಂದೂ ಹಾರಲಿಲ್ಲ. ಬೆನ್ನ ಹಿಂದೆ ಪಟಪಟ ಸದ್ದಾಯಿತು. ತಿರುಗಿದೆ. ಬಿಳಿ ಮಚ್ಚೆ ಬರಿಗಣ್ಣಿಗೇ ಸ್ಪಷ್ಟವಾಗಿ ಕಂಡಿತು, ಕೊಕ್ಕಿನಲ್ಲಿ ನಾನು ಅರ್ಧ ಕಡಿದಿಟ್ಟಿದ್ದ ಮಿರ್ಚಿಯೂ.