ಅಬ್ಬಿ ಬುಡದಲ್ಲಿ ಕಾಡುಕುರಿಯ ಕರುಳು

ಹೋದ ವಾರ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರಲು ಬೆಟ್ಟಕ್ಕೆ ಹೋಗಿದ್ದೆ. ಮನೆಗೆ ಅಬ್ಬಿ ನೀರು, ಅಂದರೆ ಬೆಟ್ಟದ ಝರಿಯ ನೀರು, ಬರುವ ಪೈಪಿನ ಬುಡದಲ್ಲಿ ನೊಣ ಗುಂಯ್ ಅನ್ನುತ್ತಿತ್ತು. ಹತ್ತಿರ ಹೋದರೆ ಕಾಡುಕುರಿಯ (ನಾಯಿ ಹಾಗೆ ಬೊಗಳುವ ಸಣ್ಣ ಜಿಂಕೆ) ಕರುಳು, ನಾಲ್ಕು ಗೊರಸು, ಸುತ್ತಿ ಎಸೆದ ಚರ್ಮ. ರಾತ್ರಿ ಯಾರೋ ಈಡು ಹೊಡೆದಿದ್ದಾರೆ. ಕೈ, ಕತ್ತಿ ತೊಳೆಯಲು ನೀರು ಬೇಕಲ್ವಾ, ಅಲ್ಲೇ ಕೂತು ಹೊಟ್ಟೆ ಬಗೆದಿದ್ದಾರೆ. ಅವಸರದಲ್ಲಿ ಹೊಟ್ಟೆಚೀಲವೂ ಹರಿದಿದೆ. ಅರ್ಧ ಅಗಿದ ಸೊಪ್ಪು ತೆಳು ಸಗಣಿಯ ಹಾಗೆ ನೀರಿಗೆ ಇಳಿಯುತ್ತಿತ್ತು. ಅದರಲ್ಲಿ ಐದಾರು ನೆಲ್ಲಿ ಬೀಜ.

ಆ ಬೀಜ ನೋಡಿ ಸಂಕಟವಾಯಿತು. ಕಾಡುಕುರಿ ನೆಲ್ಲಿಕಾಯಿ ತಿಂದು, ಆಮೇಲೆ ಎಲ್ಲೋ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಬೀಜ ಉಗುಳುತ್ತದೆ. ಬೆಟ್ಟದಲ್ಲಿ ಯಾರೂ ನೆಡದ ನೆಲ್ಲಿಮರ ಹುಟ್ಟೋದು ಹೀಗೇ.

ನಾಲ್ಕು ಮನೆ ಕುಡಿಯುವ ನೀರು ಅದು. ಪೈಪು ಕಳಚಿ, ಹೊಂಡ ಬಳಿದು, ಮೂರು ದಿನ ಬಾವಿ ನೀರು ಹೊತ್ತೆವು. ಊರಲ್ಲಿ ಹೇಳಿದರೆ ಒಬ್ಬರು, "ಕಾಡಿನದ್ದು ಕಾಡಿಗೇ ಸೇರ್ತದೆ, ನಿಂಗೆಂತಕ್ಕೆ ಮಾರಾಯ?" ಅಂದರು.

ಸೇರೋದಿಲ್ಲ. ಕೆನ್ನಾಯಿ ತಿಂದ ಜಾಗ ನೋಡಿದ್ದೇನೆ. ಒಂದಿಷ್ಟು ಸೊಪ್ಪಿನ ಗಸಿ, ಚೂರು ಚರ್ಮ, ಎಲುಬು, ಅಷ್ಟೇ. ಕೋವಿಯಿಂದ ಸತ್ತದ್ದರ ಕರುಳಲ್ಲಿ ಸೀಸ ಇರುತ್ತದೆ. ಗುಂಡು ಎಲುಬಿಗೆ ಬಡಿದು ಚೂರು ಚೂರಾಗುತ್ತದೆ, ಕಣ್ಣಿಗೂ ಕಾಣುವುದಿಲ್ಲ. ಅಮೆರಿಕದಲ್ಲಿ ಪರವಾನಗಿ ಪಡೆದೇ ಜಿಂಕೆ ಹೊಡೆಯುತ್ತಾರೆ, ಹೊಟ್ಟೆ ಬಗೆದು ಕರುಳು ಕಾಡಲ್ಲೇ ಬಿಡುತ್ತಾರೆ. ಅಂಥದ್ದನ್ನು ತಿಂದು ಕಾಂಡೋರ್ ಅನ್ನುವ ರಣಹದ್ದುಗಳು ಸೀಸದ ವಿಷಕ್ಕೆ ಸತ್ತವು. ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನೇ ನಿಲ್ಲಿಸಿದರು. ಶಿಕಾರಿ ಕಾನೂನುಬದ್ಧ ಆಗಿರೋ ಕಡೆಯೇ ಹೀಗೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಕದ್ದು ಹೊಡೆಯುವವರು ಯಾವ ಗುಂಡು, ಎಲ್ಲಿ ಬಿಟ್ಟರು ಅಂತ ಕೇಳೋರು ಯಾರು?

ಸತ್ತ ದನ ತಿನ್ನುವ ನಮ್ಮ ರಣಹದ್ದುಗಳನ್ನಂತೂ ದನಕ್ಕೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಅನ್ನುವ ನೋವಿನ ಔಷಧಿ ಮುಗಿಸಿತು. 2006ರಲ್ಲಿ ಅದನ್ನು ದನಕ್ಕೆ ಕೊಡುವುದನ್ನು ನಿಷೇಧಿಸುವ ಹೊತ್ತಿಗೆ ದೇಶದಲ್ಲಿ ಅವು ಬಹುಪಾಲು ಖಾಲಿಯಾಗಿದ್ದವು. ಈಗ ವಾಸನೆಗೆ ಮೊದಲು ಬರುವುದು ಊರ ನಾಯಿಗಳು. ಆ ದಿನವೂ ಎರಡು ಬಂದಿದ್ದವು, ಒಂದು ನಮ್ಮ ಮನೆಯದ್ದೇ. ಕರುಳು ಬಾಯಲ್ಲಿ ಕಚ್ಚಿಕೊಂಡು ಅಂಗಳಕ್ಕೆ ತಂದಿತ್ತು. ಮಗಳು ಅಲ್ಲೇ ಆಡುತ್ತಿದ್ದಳು.

ನಿಮ್ಮ ಬೆಟ್ಟದಲ್ಲಿ ಇಂಥದ್ದು ಕಂಡರೆ ಮುಟ್ಟಬೇಡಿ. ಫೋಟೊ ತೆಗೆದು ಫಾರೆಸ್ಟಿನವರಿಗೆ ತಿಳಿಸಿ. ನಾನು ತಿಳಿಸಿದ್ದೇನೆ. ಅವತ್ತಿಂದ ಊರಲ್ಲಿ ಇಬ್ಬರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಬಿಡಲಿ.