ಒಂದೇ ಒಂದು ಹಲ್ಲು

ನಿನ್ನೆ ಭಾನುವಾರ ಡೊಂಬಿವಲಿಯ ಮೈದಾನದಲ್ಲಿ ಇನ್ನೊಂದು ಮೋಟಾರು ಹೊಗೆಯಾಡಿತು. ಸುಟ್ಟ ವಾರ್ನಿಷಿನ ಆ ವಾಸನೆ ಇನ್ನೂ ಮೂಗಿನಿಂದ ಹೋಗಿಲ್ಲ. ರಿಮೋಟಿನ ಮಾನ್‌ಸ್ಟರ್ ಟ್ರಕ್, ಅಂದರೆ ದಪ್ಪ ಚಕ್ರದ ಆಟದ ಲಾರಿ, ಓಡಿಸುವವರಿಗೆ ಈ ವಾಸನೆಯ ಪರಿಚಯ ಮಾಡಿಕೊಡಬೇಕಿಲ್ಲ. ಉಳಿದವರು ಮಿಕ್ಸಿಗೆ ದೋಸೆ ಅಕ್ಕಿ ಕತ್ತಿನವರೆಗೆ ತುಂಬಿ ರುಬ್ಬಿದ ದಿನವನ್ನು ನೆನಪಿಸಿಕೊಂಡರೆ ಸಾಕು. ಮಿಕ್ಸಿಯಾದರೆ ತಳದ ಕೆಂಪು ಗುಂಡಿಯನ್ನು ಹಾರಿಸಿ ಮುನಿಸಿಕೊಂಡು ನಿಂತುಬಿಡುತ್ತದೆ. ಟ್ರಕ್ಕಿನ ಮೋಟಾರಿಗೆ ಅಷ್ಟು ಸ್ವಾಭಿಮಾನವಿಲ್ಲ, ಸಾಯುವ ತನಕ ದುಡಿಯುತ್ತದೆ.

ಸತ್ತದ್ದಕ್ಕೆ ಕಾರಣ, ಪಿನಿಯನ್ನಿಗೆ, ಅಂದರೆ ಮೋಟಾರಿನ ಷಾಫ್ಟಿನ ಮೇಲೆ ಕೂರುವ ಪುಟ್ಟ ಗೇರಿಗೆ, ಒಂದು ಹಲ್ಲು ಜಾಸ್ತಿಯಾದದ್ದು. ನಿಜ ಹೇಳಬೇಕೆಂದರೆ ಮೂರು ಹಲ್ಲು, ಆದರೆ ಮೂರೂ ಒಂದೊಂದಾಗಿ ಬಂದವು. ತರಿಸಿದವರು ಹಲ್ಲು ಮಾಮ.

ಮುಂಬಯಿ ಕನ್ನಡಿಗರ ಯಾವ ಗುಂಪಿಗೆ ಹೋದರೂ ಇಂಥ ಮಾಮ ಒಬ್ಬರಿರುತ್ತಾರೆ. ಊರು ಉಡುಪಿ ಕಡೆ, ಕೈಯಲ್ಲಿ ಕಟಿಂಗ್ ಚಹಾ, ಕಣ್ಣು ಇನ್ನೊಬ್ಬರ ಟ್ರಕ್ಕಿನ ಮೇಲೆ. ಟ್ರಕ್ಕಿನ ಕಾಯಿಲೆ ಯಾವುದೇ ಇರಲಿ, ಮದ್ದು ಒಂದೇ: "ಒಂದು ಹಲ್ಲು ಏರ್ಸಿ ನೋಡಿ ಮಾರಾಯ್ರೆ." ದಿಬ್ಬ ಹತ್ತುವುದಿಲ್ಲವೇ? ಒಂದು ಹಲ್ಲು. ಹುಲ್ಲಿನಲ್ಲಿ ಮುಕ್ಕರಿಯುತ್ತದೆಯೇ? ಒಂದು ಹಲ್ಲು. ಬ್ಯಾಟರಿ ಬೇಗ ಮುಗಿಯುತ್ತದೆಯೇ? ಅದಕ್ಕೂ ಅದೇ, ಜೊತೆಗೆ ಕಾರಣ ಬೇರೆ: "ಪಿನಿಯನ್ ದೊಡ್ಡದಾದ್ರೆ ಮೋಟ್ರು ಕಮ್ಮಿ ತಿರುಗ್ತದೆ, ಕರೆಂಟು ಉಳೀತದೆ." ಕೇಳಲು ಎಷ್ಟು ಚೆಂದ! ದಂತವೈದ್ಯರು ಹಲ್ಲು ಕೀಳುವುದಕ್ಕೆ ದುಡ್ಡು ತೆಗೆದುಕೊಳ್ಳುತ್ತಾರೆ, ಇವರು ಪುಕ್ಕಟೆ ಕೂರಿಸಿಕೊಡುತ್ತಾರೆ.

ಇದು ತಲೆಕೆಳಗಾದ ಲೆಕ್ಕ. ಮೋಟಾರು ತನ್ನ ವೇಗದಲ್ಲಿ ತಿರುಗುತ್ತಿದ್ದರೆ ಒಳಗೇ ಎದುರು ವೋಲ್ಟೇಜು ಹುಟ್ಟಿ ಕರೆಂಟನ್ನು ತಡೆದು ಹಿಡಿಯುತ್ತದೆ. ದೊಡ್ಡ ಪಿನಿಯನ್ ಹಾಕಿ, ಭಾರ ಹೇರಿ ನಿಧಾನ ಮಾಡಿದಿರೋ, ಆ ತಡೆ ಕುಗ್ಗಿ ಕರೆಂಟು ನುಗ್ಗುತ್ತದೆ. ಅದರ ಮೇಲೆ, ಕಾವು ಏರುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ಕರೆಂಟು ಶೇಕಡಾ 20 ಹೆಚ್ಚಾದರೆ ಸುರುಳಿಯ ಕಾವು ಶೇಕಡಾ 44 ಹೆಚ್ಚು. ಮಾಮ ಉಳಿಸಿದ ಕರೆಂಟು ಹೊಗೆಯಾಗಿ ಕಲ್ಯಾಣದ ಕಡೆ ತೇಲಿಹೋಗುವುದು ಹೀಗೆ.

ನಿನ್ನೆಯ ಟ್ರಕ್ಕನ್ನೇ ತೆಗೆದುಕೊಳ್ಳಿ. 3300 ಕೆವಿ ಬ್ರಶ್‌ಲೆಸ್ (ಒಳಗೆ ಉಜ್ಜುವ ಬ್ರಶ್ ಇಲ್ಲದ) ಮೋಟಾರು, 2ಎಸ್ ಲಿಪೋ, ಅಂದರೆ ಎರಡು ಸೆಲ್ಲಿನ ಲಿಥಿಯಂ ಬ್ಯಾಟರಿ. ಕೆವಿ ಅಂದರೆ ಕಿಲೋವೋಲ್ಟ್ ಅಲ್ಲ, ಭಾರವಿಲ್ಲದಾಗ ಒಂದು ವೋಲ್ಟಿಗೆ ಎಷ್ಟು ಸುತ್ತು ಅನ್ನುವ ಲೆಕ್ಕ. 7.4 ವೋಲ್ಟಿಗೆ ನಿಮಿಷಕ್ಕೆ 24,420 ಸುತ್ತು. ಪಿನಿಯನ್ ತಿರುಗಿಸುವ ದೊಡ್ಡ ಗೇರು ಸ್ಪರ್; ಅದಕ್ಕೆ 60 ಹಲ್ಲು, ಪಿನಿಯನ್ನಿಗೆ 15: ನಾಲ್ಕಕ್ಕೆ ಒಂದು. ಮುಂದೆ ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು ಸೇರಿ ಇನ್ನೊಂದು ಮೂರು ಪಟ್ಟು. ಒಟ್ಟು 12. ಚಕ್ರದ ವ್ಯಾಸ 130 ಮಿಲಿಮೀಟರ್, ಒಂದು ಸುತ್ತಿಗೆ ಸುಮಾರು 41 ಸೆಂಟಿಮೀಟರ್ ನೆಲ. ಗುಣಿಸಿ ಭಾಗಿಸಿದರೆ ಗಂಟೆಗೆ ಹತ್ತಿರ ಹತ್ತಿರ 50 ಕಿಲೋಮೀಟರ್. ಕಾಗದದ ಮೇಲೆ ಅಷ್ಟು, ಹುಲ್ಲಿನ ಮೇಲೆ ಅದಕ್ಕಿಂತ ಕಮ್ಮಿ.

ಮಾಮನ ಮಾತಿಗೆ 16 ಹಲ್ಲು ಹಾಕಿದರೆ 53. ಮೂರು ಸಲ ಮಾಮನ ಮಾತು ಕೇಳಿ 18 ಹಾಕಿದರೆ 60, ಜೊತೆಗೆ ವಾರ್ನಿಷಿನ ವಾಸನೆ. ಸ್ಪರ್ ಗೇರಿನ ಹಲ್ಲು ಇಷ್ಟು ಘಾಟಿಯಲ್ಲ. ಇಲ್ಲಿ ಪಿನಿಯನ್ನಿನ ಒಂದು ಹಲ್ಲು ಸ್ಪರ್‌ನ ನಾಲ್ಕು ಹಲ್ಲಿಗೆ ಸಮ. ಸಣ್ಣ ಬದಲಾವಣೆ ಬೇಕಾದರೆ ಕೈ ಹಾಕಬೇಕಾದ್ದು ಸ್ಪರ್‌ಗೆ. ಆದರೆ ಸ್ಪರ್ ಬಿಚ್ಚಲು ಸ್ಲಿಪ್ಪರ್ ಕ್ಲಚ್ಚನ್ನೂ (ಏಟು ಬಿದ್ದಾಗ ಜಾರಿ ಗೇರು ಉಳಿಸುವ ಭಾಗ) ಬಿಚ್ಚಬೇಕು, ಪಿನಿಯನ್ನಿಗೆ ಒಂದೇ ಸ್ಕ್ರೂ. ಸೋಮಾರಿಗಳಿಗೆ ಪಿನಿಯನ್ನೇ ಪ್ರೀತಿ.

ಇನ್ನು ಚಕ್ರದ ವಂಚನೆ. 130ರ ಚಕ್ರ ತೆಗೆದು ನೋಡಲು ಭರ್ಜರಿಯಾಗಿರಲಿ ಅಂತ 150ರದ್ದು ಹಾಕಿದಿರಿ. ಪಿನಿಯನ್ ಮುಟ್ಟಿಯೇ ಇಲ್ಲ ಅಂತ ಆಣೆಯಿಟ್ಟು ಹೇಳುತ್ತೀರಿ. ಆದರೆ ವ್ಯಾಸ ಶೇಕಡಾ 15 ಹೆಚ್ಚಾಯಿತು, ಅಂದರೆ ಎರಡು ಹಲ್ಲಿಗೂ ಜಾಸ್ತಿ ಏರಿಸಿದಂತೆಯೇ. ಚಕ್ರದ ಭಾರ ಬೇರೆ. ದೊಡ್ಡ ಚಕ್ರ ಹಾಕಿದವರು ಪಿನಿಯನ್ನಿನಲ್ಲಿ ಎರಡು ಹಲ್ಲು ಇಳಿಸಬೇಕು. 2ಎಸ್ ಬಿಟ್ಟು 3ಎಸ್‌ಗೆ ಹೋದವರೂ ಎರಡು ಮೂರು ಇಳಿಸಬೇಕು, ಯಾಕೆಂದರೆ 11.1 ವೋಲ್ಟಿಗೆ ಅದೇ ಮೋಟಾರು 36,630 ಸುತ್ತು ಹೊಡೆಯುತ್ತದೆ. ಇಳಿಸುವುದು ಅನ್ನುವ ಪದವೇ ಮಾಮನ ನಿಘಂಟಿನಲ್ಲಿಲ್ಲ.

ಎಳೆತ ಬೇರೆ, ಓಟ ಬೇರೆ ಅನ್ನುವುದು ಪುಣೆ ರೈಲಿನಲ್ಲಿ ಓಡಾಡುವ ನಮಗಾದರೂ ಗೊತ್ತಿರಬೇಡವೇ? ಕರ್ಜತ್‌ನಲ್ಲಿ ಗಾಡಿ ನಿಂತಾಗ ನಾವು ವಡಾಪಾವ್ ತಿನ್ನುತ್ತಿರುತ್ತೇವೆ, ಹಿಂದೆ ನೂಕುವ ಬ್ಯಾಂಕರ್ ಎಂಜಿನ್ನುಗಳು ಬಂದು ಜೋಡಣೆಯಾಗುತ್ತವೆ. ಮುಂದಿರುವುದು 37 ಅಡಿಗೆ ಒಂದಡಿ ಏರುವ ಭೋರ್ ಘಾಟ್. ದಿಬ್ಬ ಬಂತೆಂದು ರೈಲಿನವರು ಎಳೆತ ಹೆಚ್ಚಿಸುತ್ತಾರೆ. ದಿಬ್ಬ ಬಂತೆಂದು ವೇಗದ ಗೇರು ಹಾಕುವವರು ನಮ್ಮ ಮಾಮ ಒಬ್ಬರೇ.

ಮೋಟಾರು ಆರಿಸುವಾಗಲೂ ಇದೇ ಬುದ್ಧಿ ಬೇಕು. ಹಳೇ ಬ್ರಶ್ ಮೋಟಾರಿನಲ್ಲಿ ಬರೆದಿರುವ 'ಟಿ' ಅಂದರೆ ತಂತಿಯ ಸುತ್ತು. ಸುತ್ತು ಕಮ್ಮಿಯಾದಷ್ಟೂ ಓಟ ಜಾಸ್ತಿ, ಹಸಿವೂ ಜಾಸ್ತಿ. 27 ಟಿ ಮನೆಮಂದಿಗೆ, 12 ಟಿ ಮೈದಾನಕ್ಕೆ, 35, 55 ಟಿ ಬಂಡೆ ಹತ್ತುವವರಿಗೆ. ಕೊಳ್ಳುವ ಮುಂಚೆ ನಿಮ್ಮ ಸ್ಪೀಡ್ ಕಂಟ್ರೋಲರ್ ಎಷ್ಟು ಟಿ ತನಕ ತಡೆಯುತ್ತದೆ ಎಂದು ನೋಡಿಕೊಳ್ಳಿ. ಬ್ರಶ್‌ಲೆಸ್‌ನಲ್ಲಿ 3650 ಅಂದರೆ 36 ಮಿಲಿಮೀಟರ್ ಅಗಲ, 50 ಉದ್ದ. ಭಾರದ ಟ್ರಕ್ಕಿಗೆ ಕೆವಿ ಏರಿಸುವ ಬದಲು ಮೋಟಾರಿನ ಡಬ್ಬ ಉದ್ದ ಮಾಡಿ, 3660 ಅಥವಾ 3674 ಹಾಕಿ, ಕೆವಿ ಇಳಿಸಿ. ಸಣ್ಣ ಡಬ್ಬದ ಹೆಚ್ಚು ಕೆವಿ ಅಂದರೆ ಬಡಕಲು ಹುಡುಗನ ತಲೆ ಮೇಲೆ ಮದುವೆ ಮನೆಯ ಕೊಪ್ಪರಿಗೆ ಹೊರಿಸಿದಂತೆ.

ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹುಡುಕಿದರೆ ಪಿನಿಯನ್ ಸಿಗಬಹುದು, ಪಿಚ್, ಅಂದರೆ ಹಲ್ಲಿನ ಗಾತ್ರದ ಅಳತೆ, ಕೇಳದೆ ತರಬೇಡಿ. 48 ಪಿಚ್ಚಿನ ಸಣ್ಣ ಹಲ್ಲು 32 ಪಿಚ್ಚಿನ ದಪ್ಪ ಹಲ್ಲಿಗೆ ಯಾವ ಜನ್ಮದಲ್ಲೂ ಕೂಡುವುದಿಲ್ಲ. 32 ಪಿಚ್ಚು ಮತ್ತು ಮಿಲಿಮೀಟರ್ ಲೆಕ್ಕದ 0.8 ಮಾಡ್ಯೂಲ್ ಮಾತ್ರ ದಾಯಾದಿಗಳಂತೆ, ಹೇಗೋ ಹೊಂದಿಕೊಂಡು ಹೋಗುತ್ತವೆ. ಪಿನಿಯನ್ನಿನ ತೂತು 3.17 ಮಿಲಿಮೀಟರೋ 5 ಮಿಲಿಮೀಟರೋ ಅದನ್ನೂ ಕೇಳಿ. ಮೋಟಾರು ಬಿಗಿಯುವ ಎಂ3 ಸ್ಕ್ರೂ ಉದ್ದವಾದರೆ ಒಳಗಿನ ಸುರುಳಿಗೆ ಚುಚ್ಚಿ ಶಾರ್ಟ್ ಆಗುತ್ತದೆ. ಆಗ ಹಲ್ಲಿನ ತನಿಖೆಯೇ ಬೇಕಾಗುವುದಿಲ್ಲ.

ಕೂರಿಸುವಾಗ ಎರಡು ಗೇರಿನ ನಡುವೆ ಕಾಗದದ ಒಂದು ಪಟ್ಟಿ ತೂರಿಸಿ, ಮೋಟಾರನ್ನು ಒತ್ತಿ ಹಿಡಿದು, ಸ್ಕ್ರೂ ಬಿಗಿದು, ಆಮೇಲೆ ಗೇರು ತಿರುಗಿಸಿ ಕಾಗದ ತೆಗೆಯಿರಿ. ಉಡುಪಿ ಹೋಟೆಲಿನ ಬಿಲ್ಲೂ ಆದೀತು. ಪಟ್ಟಿ ಹರಿಯದೆ ನಿರಿಗೆ ಬಿದ್ದು ಹೊರಬಂದರೆ ಸರಿ. ತೀರಾ ಬಿಗಿಯಾದರೆ ಗೇರು ಕಿರುಚುತ್ತದೆ, ಸಡಿಲವಾದರೆ ನೈಲಾನಿನ ಸ್ಪರ್ ಬೋಳಾಗುತ್ತದೆ. ಲಿಪೋ ತುಂಬಾ ಚಾರ್ಜಿದೆ, ಸ್ಪರ್‌ಗೆ ಹಲ್ಲೇ ಇಲ್ಲ: ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತ ಹಿರಿಯರು ಗಾದೆ ಕಟ್ಟಿದ್ದು ಇದಕ್ಕೇ ಇರಬೇಕು. ಪಿನಿಯನ್ನಿನ ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ಸ್ಕ್ರೂ) ಷಾಫ್ಟಿನ ಚಪ್ಪಟೆ ಭಾಗದ ಮೇಲೇ ಕೂರಬೇಕು, ಸಡಿಲವಾಗದಂತೆ ನೀಲಿ ಲಾಕ್‌ಟೈಟ್ ಅಂಟು ಒಂದು ಹನಿ.

ಇಷ್ಟಾದ ಮೇಲೆ ಐದು ನಿಮಿಷ ಓಡಿಸಿ ಕಾವು ನೋಡಬೇಕು. 70 ಡಿಗ್ರಿ ಒಳಗಿದ್ದರೆ ನಿಶ್ಚಿಂತೆ, 80 ದಾಟಿದರೆ ಅಯಸ್ಕಾಂತಕ್ಕೇ ಕುತ್ತು. ನಿನ್ನೆ ಇದನ್ನು ನೋಡಲು ಮಾಮ ಜೇಬಿನಿಂದ ತೆಗೆದದ್ದು ಕೊರೋನಾ ಕಾಲದ ಹಣೆ ಥರ್ಮಾಮೀಟರು. ಸೊಸೈಟಿ ಗೇಟಿನಲ್ಲಿ ವಾಚ್‌ಮನ್ ನಮ್ಮ ಹಣೆಗೆ ಹಿಡಿಯುತ್ತಿದ್ದನಲ್ಲ, ಅದೇ. ಮೋಟಾರಿಗೆ ಹಿಡಿದರು. ಪರದೆ ಕೆಂಪಾಗಿ 'ಹೈ' ಅಂದಿತು. ಆ ಯಂತ್ರಕ್ಕೆ ಮನುಷ್ಯರ ಜ್ವರದಿಂದಾಚೆ ಲೆಕ್ಕ ಬಾರದು. ಮಾಮನಿಗೆ ಅನುಮಾನ, ಯಂತ್ರ ಕೆಟ್ಟಿದೆಯೇನೋ ಅಂತ. ಟ್ರಕ್ಕಿನವನ ಹಣೆಗೆ ಹಿಡಿದರು: 36.4. ಚಹಾದ ಗ್ಲಾಸಿಗೆ ಹಿಡಿದರು: 'ಹೈ'. ಪಕ್ಕದಲ್ಲಿ ಮಲಗಿದ್ದ ನಾಯಿಗೂ ಹಿಡಿಯಹೋದರು, ಅದು ಎದ್ದು ಹೋಯಿತು. ಕೊನೆಗೆ ತೀರ್ಪು ಬಂತು: "ಚಹಾದಷ್ಟೇ ಬಿಸಿ ಮಾರಾಯ್ರೆ, ಏನಾಗ್ಲಿಕ್ಕಿಲ್ಲ. ಓಡ್ಸಿ." ಓಡಿಸಿದೆವು. ಎರಡು ನಿಮಿಷಕ್ಕೆ ಹೊಗೆ.

ಅಷ್ಟಕ್ಕೂ 60 ಕಿಲೋಮೀಟರ್ ವೇಗವನ್ನು ಓಡಿಸುವುದೆಲ್ಲಿ? ಮೈದಾನದ ಅರ್ಧಕ್ಕೆ ಈಗ ನೀಲಿ ತಗಡು ಬಂದಿದೆ, ಒಳಗೆ ಟವರ್ ಏಳುತ್ತಿದೆ. ಉಳಿದದ್ದು ಮೂವತ್ತು ಮೀಟರ್. 50ರ ವೇಗಕ್ಕೇ ಅದು ಎರಡು ಸೆಕೆಂಡಿನ ದಾರಿ. 1987ರಲ್ಲಿ ಜಪಾನಿನ ತಮಿಯಾದವರು ತಂದ ಕ್ಲಾಡ್ ಬಸ್ಟರ್ ಎಂಬ ಟ್ರಕ್ಕಿಗೆ ಮುಂದೊಂದು, ಹಿಂದೊಂದು 540 ಗಾತ್ರದ ಮೋಟಾರು. ಆನೆಯ ಹಾಗೆ ನಿಧಾನ, ಆನೆಯ ಹಾಗೆಯೇ ಎಲ್ಲವನ್ನೂ ತುಳಿದುಕೊಂಡು ಹೋಗುತ್ತಿತ್ತು. ಮೂವತ್ತು ಮೀಟರಿನಲ್ಲಿ ಒಂದು ಬೆಳಗು ಪೂರ್ತಿ ಕಳೆಯಬಹುದಾದ ಗಾಡಿ ಅದು. ಮಳೆ ಬಿದ್ದ ಕೆಸರಿನಲ್ಲಿ ಅಂಥದೊಂದು ತೆವಳುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯದು.

ಹೊಗೆ ಅಡಗಿದ ಮೇಲೆ ಮಾಮನ ಟ್ರಕ್ಕಿನ ಅಡಿಗೊಂದು ಕಲ್ಲು ಸಿಕ್ಕಿಕೊಂಡಿತು. ತೆಗೆಯಲೆಂದು ಮಗುಚಿದಾಗ ಗೇರಿನ ಮುಚ್ಚಳ ಕಳಚಿ ಬಿತ್ತು. ಸುಮ್ಮನಿರಲಾರದೆ ಪಿನಿಯನ್ನಿನ ಹಲ್ಲು ಎಣಿಸಿದೆವು. ಹನ್ನೆರಡು ಹಲ್ಲು! ಕೊಂಡಾಗ ಟ್ರಕ್ಕಿನ ಜೊತೆ ಬಂದದ್ದಕ್ಕಿಂತ ಮೂರು ಕಮ್ಮಿ.

ಎಲ್ಲರೂ ಮಾಮನ ಮುಖ ನೋಡಿದೆವು. ಮಾಮ ಚಹಾದ ಕೊನೇ ಗುಟುಕು ಮುಗಿಸಿ, ಮುಚ್ಚಳ ಒರೆಸಿ ಹಾಕುತ್ತಾ ಹೇಳಿದರು: "ನಂದು ಹೀಗೇ ಇರ್ಲಿ ಮಾರಾಯ್ರೆ. ನಂಗೆ ಬರೋ ಭಾನುವಾರವೂ ಓಡಿಸ್ಬೇಕಲ್ಲ."